ಸೊಂಟಕ್ಕೆ ಕಟ್ಟದ ಚೀಲ

ಗಾಯದ ಸಾಮಾನಿನ ಪೆಟ್ಟಿಗೆ ತರಲು ನನ್ನನ್ನೇ ಕಳಿಸಿದ್ದಕ್ಕೆ ಕಾರಣ ನನ್ನ ಓದು. ಪಿಯುಸಿ ಫೇಲಾದದ್ದೂ ಓದೇ ಅಲ್ಲವೇ? ನಮ್ಮ ಮರ ಕಡಿಯುವ ಗುಂಪಿನಲ್ಲಿ ನಾಲ್ಕೇ ಜನ. ಮೇಸ್ತ್ರಿ ಚಿಕ್ಕವೆಂಕಟಪ್ಪ, ನನ್ನ ತಾಯಿಯ ಅಣ್ಣ; ಮದುವೆಯಾದ ಮೇಲೆ ಗಂಡನ ಅಪ್ಪನೂ ಅವನೇ, ಹಾಗಾಗಿ ಎರಡು ಕಡೆಯಿಂದಲೂ ಮಾವ. ಮರ ಹತ್ತುವವನು ನನ್ನ ಗಂಡ ಬೈರೇಶ. ಹಗ್ಗ ಹಿಡಿಯುವವನು ಪಕ್ಕದ ಮನೆಯ ಮುನೀಂದ್ರ. ಬಿದ್ದ ಕೊಂಬೆ ಎಳೆದು, ಸೊಪ್ಪು ಸವರಿ, ಕಂತೆ ಕಟ್ಟಿ, ಮಧ್ಯಾಹ್ನ ಎಲ್ಲರಿಗೂ ಬುತ್ತಿ ಬಿಚ್ಚಿ ಬಡಿಸಿ, ಕೊನೆಗೆ ‘ಅವಳೇನು ಮಾಡ್ತಾಳೆ, ಸುಮ್ನೆ ಬತ್ತಾಳೆ’ ಅನ್ನಿಸಿಕೊಳ್ಳುವವಳು ಅರುಣಕುಮಾರಿ, ಅಂದರೆ ನಾನು.

ಬೂದಿಕೋಟೆ ಕಡೆಯ ನೀಲಗಿರಿ ತೋಪುಗಳಲ್ಲಿ ಕೆಲಸ ಮಾಡಿಕೊಂಡಿದ್ದ ನಮಗೆ ಈ ಸಲ ಕೋರಮಂಡಲ್‌ನಲ್ಲಿ ಕೆಲಸ ಸಿಕ್ಕಿತ್ತು. ಚಿನ್ನದ ಗಣಿ ಇದ್ದ ಕಾಲದ ಮನೆಸಾಲು, ಅದರ ಹಿಂದೆ ಅಷ್ಟೇ ಹಳೆಯ ಏಳು ನೀಲಗಿರಿ ಮರ, ಏಳೂ ಮನೆಗಳ ಶೀಟಿನ ಮೇಲೆ ವಾಲಿದ್ದವು. ತೋಪಿನಲ್ಲಿ ಮಾಡಿದ ಹಾಗೆ ಬುಡಕ್ಕೆ ಗರಗಸದ ಮಿಷನ್ ಇಟ್ಟು ಬೀಳಿಸುವಂತಿರಲಿಲ್ಲ. ಮೇಲೆ ಹತ್ತಿ, ಕುಳಿತು, ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಬೇಕು. ಕಂಟ್ರಾಕ್ಟರು ಒಂದೇ ಮಾತು ಹೇಳಿದ್ದ. ಫಸ್ಟ್ ಏಡ್ ಬಾಕ್ಸ್ ಇಲ್ಲದೆ ಮಿಷನ್ ಮುಟ್ಟಬೇಡಿ, ದಿನಾ ಬೆಳಗ್ಗೆ ಬಾಕ್ಸಿನ ಫೋಟೋ ನನಗೆ ಬರಬೇಕು.

ಆಂಡರ್ಸನ್‌ಪೇಟೆಯ ಮೆಡಿಕಲ್ ಅಂಗಡಿಯವನು ಬಿಳಿ ಪೆಟ್ಟಿಗೆಯೊಂದನ್ನು ಕೌಂಟರಿನ ಮೇಲಿಟ್ಟ. ಒಳ್ಳೆ ಮದುಮಗಳ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ತೆಗೆದು ನೋಡಿದೆ. ಹತ್ತಿ, ಟಿಂಚರು, ಬೆರಳಿಗೆ ಅಂಟಿಸುವ ಪಟ್ಟಿ, ತಲೆನೋವಿನ ಮಾತ್ರೆ, ಒಂದು ಪುಟ್ಟ ಕತ್ತರಿ, ಥರ್ಮಾಮೀಟರು.

“ಮರ ಕಡಿಯೋರಿಗೆ ಜ್ವರ ನೋಡೋ ಕಡ್ಡಿ ಯಾಕಣ್ಣಾ? ಮರಕ್ಕೆ ಇಡೋದಾ?” ಅಂದೆ.

ಬಿ.ಪಿ. ಮಾತ್ರೆಗೆಂದು ಬಂದು ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ಮುದುಕ ನಕ್ಕ. ಹೆಸರು ಮುನಿಸ್ವಾಮಪ್ಪ. ಗಣಿ ಮುಚ್ಚುವ ತನಕ ಒಳಗೆ ಇಳಿದವನು. ಅಲ್ಲಿ ಏಟು ಬಿದ್ದವರಿಗೆ ಕಟ್ಟು ಕಟ್ಟಲು ಕಲಿತಿದ್ದವನು. ಯಾವ ಮಿಷನ್ನು, ಎಷ್ಟು ಎತ್ತರ, ಹತ್ತುವವರು ಎಷ್ಟು ಜನ ಎಂದು ಕೇಳಿದ. ಹತ್ತುವವನು ಒಬ್ಬನೇ, ನನ್ನ ಗಂಡ ಅಂದೆ. ಮುದುಕ ನಗು ನಿಲ್ಲಿಸಿದ.

“ಇಂಗ ಪಾರಮ್ಮ,” ಎಂದು ತಮಿಳಿನಲ್ಲೇ ಹತ್ತಿರ ಕರೆದ. “ಈ ಡಬ್ಬ ಆಫೀಸಾಗೆ ಬೆರಳು ಕುಯ್ಕೊಂಡೋರಿಗೆ. ಮಿಷನ್ ತಗುಲಿದ್ರೆ ಮಾಂಸ ಬಿಡಿಸ್ಕೊಂಡು ಓಗ್ತದೆ. ಅಗಲ ಬಟ್ಟೆ ಬೇಕು, ದಪ್ಪ ಬೇಕು, ಒತ್ತಿ ಇಡಿಯೋಕೆ. ಗಾಯದ ಮೇಲ್ಗಡೆ ಕಟ್ಟಿ ಕಡ್ಡಿ ಆಕಿ ತಿರುವೋಕೆ ಒಂದು ಪಟ್ಟಿ ಬೇಕು.”

ಅಂಗಡಿಯವನ ಕೈಯಿಂದ ಒಂದೊಂದೇ ಅವನೇ ತೆಗೆಸಿ ಆರಿಸಿದ. ತನ್ನ ಟವೆಲನ್ನು ಬೆಂಚಿನ ಕಾಲಿಗೆ ಸುತ್ತಿ, ಪೆನ್ನು ಸಿಕ್ಕಿಸಿ ತಿರುಚಿ ತೋರಿಸಿದ. ನನ್ನ ಕೈಯಲ್ಲಿ ಮೂರು ಸಲ ಮಾಡಿಸಿದ. ಆಮೇಲೆ ಎಲ್ಲವನ್ನೂ ಒಂದು ಕೆಂಪು ಜಿಪ್ಪಿನ ಚೀಲಕ್ಕೆ ತುಂಬಿ ನನಗೆ ಕೊಟ್ಟ.

“ಸಾಮಾನು ಏಟು ಬಿದ್ದೋನ ಅತ್ರ ಇರಬೇಕಮ್ಮ, ಮೇಸ್ತ್ರಿ ಅತ್ರ ಅಲ್ಲ. ಮರದ ಮೇಲೆ ಇರೋನು ಅವನಿಗೆ ಅವನೇ ಕಟ್ಕೋಬೇಕು, ಬೇರೆ ಯಾರೂ ಬರಕಾಗಲ್ಲ. ಚೀಲ ಅವನ ಸೊಂಟಕ್ಕೆ ಕಟ್ಟು. ಮನೆಯಾಗೆ ಅತ್ತು ಸಲ ಅವನ ಕೈಯಾಗೆ ಕಟ್ಟಿಸು. ಕಣ್ಮುಚ್ಚಿ ಕಟ್ಟಂಗಾಗಬೇಕು.”

ಫೋಟೋಗೆ ಪೆಟ್ಟಿಗೆ, ಗಂಡನಿಗೆ ಚೀಲ ಎಂದು ಎರಡನ್ನೂ ಕೊಂಡು ತಂದೆ. ಆಟೋದಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಏನೋ ದೊಡ್ಡದು ಸಾಧಿಸಿದೆ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ.

ಮಾವನ ಮುಂದೆ ಇಟ್ಟಾಗ ಆ ಸಾಧನೆ ನೀರಿಗೆ ಬಿತ್ತು.

ನಮ್ಮವರಲ್ಲಿ ಮರ ಹತ್ತುವುದಕ್ಕೊಂದು ರೀತಿ ಇದೆ. ಬುಡಕ್ಕೆ ನೀರು ಹಾಕಿ, ಅರಿಶಿನ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ, ‘ಹೊಟ್ಟೆಪಾಡು ತಾಯಿ, ಮನಸ್ಸಿಗೆ ಹಾಕ್ಕೋಬೇಡ’ ಎಂದು ಮರದ ತಪ್ಪು ಕೇಳುತ್ತಾರೆ. ಆಮೇಲೆ ಹತ್ತುವವನು ಮೈಮೇಲಿನದೆಲ್ಲ ಕಳಚಿಡಬೇಕು. ಚಪ್ಪಲಿ, ಟವೆಲು, ಬೆಲ್ಟು, ಜೇಬಿನ ಬೀಡಿ ಕಟ್ಟು ಕೂಡ. ಚಡ್ಡಿ, ಉಡಿದಾರ, ಹಗ್ಗ, ಇಷ್ಟೇ. ಬರಿಮೈಯಲ್ಲಿ ಹೋದವನನ್ನು ಮರ ಮಗನ ಹಾಗೆ ಹೊರುತ್ತದೆ ಎಂದು ಮಾವನ ನಂಬಿಕೆ. ನಲವತ್ತು ವರ್ಷ ಹಾಗೆಯೇ ಹತ್ತಿದವನು ಅವನು. ಈಗ ಮಂಡಿ ಮಡಚುವುದಿಲ್ಲ, ಆದ್ದರಿಂದ ಕೆಳಗೆ ನಿಂತು ಹೇಳುತ್ತಾನೆ.

“ಮಿಷನ್ ಮಾತ್ರ ಹೊತ್ತುಕೊಂಡು ಹೋಗಬಹುದಾ?” ಎಂದು ಕೇಳಿದೆ.

“ಅದು ಆಯುಧ. ಇದು ಗಾಯದ ಬಟ್ಟೆ,” ಅಂದ ಮಾವ. “ಗಾಯ ಇಲ್ಲದ ಮೈಗೆ ಗಾಯದ ಬಟ್ಟೆ ಮುಟ್ಟಿಸಬಾರದು ಕಣಮ್ಮ. ಮುಟ್ಟಿಸಿದ್ರೆ ಗಾಯ ಉಡುಕ್ಕೊಂಡು ಬತ್ತದೆ.”

“ಕೊಡೆ ಇಡ್ಕೊಂಡೋನ್ನ ಮಳೆ ಉಡುಕ್ಕೊಂಡು ಬತ್ತದಾ ಮಾವ?”

ಮಾವ ಮುದ್ದೆ ಮುರಿಯದೆ ಎದ್ದುಹೋದ. ನನ್ನ ನಾಲಿಗೆ ಇರುವುದೇ ಹಾಗೆ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮನೆಯವರೆಲ್ಲ ಉಪವಾಸ.

ಬೈರೇಶನಿಗೆ ಕಟ್ಟು ಕಲಿಸಲು ನೋಡಿದೆ. ಅವನು ತೊಡೆ ಮುಂದೆ ಚಾಚಿದವನು ನಾನು ಬಟ್ಟೆಯ ಸುರುಳಿ ಕೈಗೆತ್ತಿಕೊಳ್ಳುತ್ತಲೇ ಹಿಂದಕ್ಕೆ ಎಳೆದುಕೊಂಡ. “ಬ್ಯಾಡ ಕಣೇ, ಅಪ್ಪ ನೋಡಿದ್ರೆ ನೊಂದ್ಕೊಂತದೆ. ನೀನು ಬಾಯಲ್ಲಿ ಏಳು, ನಾನು ಕೇಳ್ಕೊಂತೀನಿ,” ಅಂದ. ಹೇಳಿದೆ. ಕೇಳುತ್ತಾ ಕೇಳುತ್ತಾ ಗೊರಕೆ ಹೊಡೆದ. ಬಟ್ಟೆಯ ಸುರುಳಿಗಳು ಅಂಗಡಿಯ ಪ್ಲಾಸ್ಟಿಕ್ಕಿನೊಳಗೇ ಉಳಿದವು.

ಮೊದಲ ಎರಡು ಮರ ಸಲೀಸಾಗಿ ಇಳಿದವು. ಪ್ರತಿದಿನ ಪೆಟ್ಟಿಗೆಗೆ ಅರಿಶಿನದ ಬೊಟ್ಟಿಟ್ಟು, ಬುಡದಲ್ಲಿ ತೆಂಗಿನಕಾಯಿಯ ಪಕ್ಕ ಇಡುವುದು, ನಾನು ಫೋಟೋ ತೆಗೆದು ಕಳಿಸುವುದು, ಕಂಟ್ರಾಕ್ಟರು ಹೆಬ್ಬೆಟ್ಟಿನ ಚಿತ್ರ ಕಳಿಸುವುದು. ಪೂಜೆಗೆ ಇನ್ನೊಂದು ದೇವರು ಬಂದಂತಾಯಿತು, ಅಷ್ಟೇ.

ಮೂರನೆಯದು ಸಾಲಿನಲ್ಲೇ ಎತ್ತರದ ಮರ. ಬೊಡ್ಡೆ ಬೆಣ್ಣೆ ಸವರಿದ ಹಾಗೆ ನುಣುಪು. ಅದನ್ನು ನೋಡುತ್ತಿದ್ದಂತೆ ಮುನಿಸ್ವಾಮಪ್ಪನ ಮಾತು ಕಿವಿಯಲ್ಲಿ ಕೂತಿತು. ಯಾರನ್ನೂ ಕೇಳದೆ ಕೆಂಪು ಚೀಲ ತೆಗೆದು ಬೈರೇಶನ ಸೊಂಟಕ್ಕೆ ಕಟ್ಟಿದೆ. ಅವನು ಕೈ ಎತ್ತಿ ಸುಮ್ಮನೆ ಕಟ್ಟಿಸಿಕೊಂಡ.

ಮಾವ ನೋಡಿದ. ಬೈಯಲಿಲ್ಲ, ಕೂಗಲಿಲ್ಲ. “ಆಗ್ಲಿ. ನಿನ್ನ ಗಂಡ, ನಿನ್ನಿಷ್ಟ. ಏನಾನ ಆದ್ರೆ ಗಾಯ ಕರೆದೋಳು ನೀನೇ ಅಂತ ತಿಳ್ಕೋ,” ಅಂದು ಮರಕ್ಕೆ ಬೆನ್ನು ಹಾಕಿ ಕುಳಿತ.

ಬೈದಿದ್ದರೆ ನಾನು ಜಗ್ಗುತ್ತಿರಲಿಲ್ಲ. ಆ ತಣ್ಣಗಿನ ಮಾತಿಗೆ ಸೋತೆ. ನಾನೂ ಆ ಮನೆಯ ಮಗಳೇ ಅಲ್ಲವೇ, ಅದೇ ಮಾತು ಕೇಳಿಕೊಂಡು ಬೆಳೆದವಳು. ಓದಿದ್ದು ತಲೆಯಲ್ಲಿತ್ತು, ಭಯ ಹೊಟ್ಟೆಯಲ್ಲಿತ್ತು. ಏನಾದರೂ ಆಗಿ, ಜೀವಮಾನವಿಡೀ ‘ಇವಳೇ ಕರೆದಳು’ ಅನ್ನಿಸಿಕೊಳ್ಳುವುದು ನನ್ನಿಂದಾಗದು ಅನ್ನಿಸಿತು. ಗಂಟು ಬಿಚ್ಚಿದೆ. ಯಾರೂ ಬಿಚ್ಚಿಸಲಿಲ್ಲ, ನಾನೇ ಬಿಚ್ಚಿದೆ.

“ಕಟ್ಟೋಳೂ ನೀನೇ, ಬಿಚ್ಚೋಳೂ ನೀನೇ,” ಎಂದು ಬೈರೇಶ ನಕ್ಕು ಏಣಿ ಹತ್ತಿದ. ಏಣಿ ಮುಗಿದ ಮೇಲೆ ಹಗ್ಗ ಹಿಡಿದು ಇನ್ನೂ ಮೇಲಕ್ಕೆ ಹೋದ. ನಾನು ಚೀಲವನ್ನು ಪೆಟ್ಟಿಗೆಯೊಳಗಿಟ್ಟು ಫೋಟೋ ತೆಗೆದೆ.

ಹನ್ನೊಂದು ಗಂಟೆಯ ಹೊತ್ತಿಗೆ ಮೇಲಿನ ಕೊಂಬೆಗಳೆಲ್ಲ ಇಳಿದು, ಅವನು ಏಣಿಯ ತುದಿಗಿಂತ ಸ್ವಲ್ಪವೇ ಮೇಲೆ, ಒಂದು ಕವಲಿನಲ್ಲಿ ಕುಳಿತು, ಸೊಂಟದ ಹಗ್ಗವನ್ನು ಬೊಡ್ಡೆಗೆ ಬಿಗಿದುಕೊಂಡು ಕುಯ್ಯುತ್ತಿದ್ದ. ಕೊಂಬೆ ಲೆಕ್ಕಕ್ಕಿಂತ ಮೊದಲೇ ಸೀಳಿತು. ಬೀಳುತ್ತಾ ಅವನು ಹತ್ತಿದ್ದ ಹಗ್ಗವನ್ನೂ ಕಿತ್ತುಕೊಂಡು ಬಂತು. ಅದರ ಹಿಂದೆಯೇ ಮಿಷನ್ನು ಬಿತ್ತು. ಮನುಷ್ಯ ಮಾತ್ರ ಮೇಲೆಯೇ ಉಳಿದ.

“ಅರುಣಾ,” ಅಂದ. ಊಟಕ್ಕೆ ಕರೆಯುವ ದನಿಯಲ್ಲೇ ಅಂದ. “ಮಿಷನ್ ತೊಡೆಗೆ ತಗುಲ್ತು ಕಣೇ.”

ಎಡಗಾಲಿನಿಂದ ಬಿಳಿ ಬೊಡ್ಡೆಯ ಮೇಲೆ ರಕ್ತ ಇಳಿಯುತ್ತಿತ್ತು. ಮುನೀಂದ್ರ ಫೋನು ಹಚ್ಚಿ ಆಂಬುಲೆನ್ಸಿಗೂ ಫೈರ್ ಸ್ಟೇಷನ್ನಿಗೂ ಹೇಳಿದ. ಆಮೇಲೆ ಏಣಿ ಹತ್ತಿ, ತುದಿಯಿಂದ ಬೊಡ್ಡೆ ತಬ್ಬಿ ಮೇಲೇರಲು ನೋಡಿದ. ಎದೆ ತರಚಿಕೊಂಡು ಜಾರಿ ಬಂದ. ಮತ್ತೆ ಹತ್ತಿದ, ಮತ್ತೆ ಜಾರಿದ. ಏಣಿಯೇ ಪಕ್ಕಕ್ಕೆ ವಾಲಿತು. ಮಾವ ಓಡಿ ಬಂದು ಅದನ್ನು ತಬ್ಬಿಕೊಂಡ.

ನಾನು ಚೀಲ ಬಾಯಲ್ಲಿ ಕಚ್ಚಿಕೊಂಡು ಹತ್ತಿದೆ. ಹೆಣ್ಣು ಮರ ಹತ್ತಬಾರದು ಎಂದು ಆವತ್ತು ಯಾರೂ ಹೇಳಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ನಿಂತು ಕೈ ಚಾಚಿದರೆ ಅವನ ಇಳಿಬಿದ್ದ ಬಲಗಾಲಿನ ಪಾದ ಸಿಕ್ಕಿತು. ಅದಕ್ಕಿಂತ ಮೇಲೆ ಒಂದು ಗೇಣೂ ಹೋಗಲಾಗಲಿಲ್ಲ.

ಸುರುಳಿಯೊಂದನ್ನು ಮೇಲಕ್ಕೆಸೆದೆ. ಹಿಡಿದ. ಹಿಡಿಯಲು ಒಂದು ಕೈಯನ್ನು ಗಾಯದಿಂದ ತೆಗೆದದ್ದಕ್ಕೆ ನನ್ನ ಮುಖದ ಮೇಲೆ ರಕ್ತ ಬಿತ್ತು. ಪ್ಲಾಸ್ಟಿಕ್ಕು ಅವನ ರಕ್ತದ ಬೆರಳಿಗೆ ಜಾರಿತು. ಹಲ್ಲಿನಿಂದ ಹರಿದ.

“ಗಾಯದ ಮೇಲ್ಗಡೆ ಸುತ್ತು ಬಾವ. ಬಿಗಿಯಾಗಿ. ಸೊಂಟದ ಕಡೆಗೆ, ಮಂಡಿ ಕಡೆಗಲ್ಲ.”

“ಎಂಗೆ?”

“ಒಂದು ತುದಿ ಬೆರಳಲ್ಲಿ ಒತ್ತಿ ಇಡ್ಕೋ. ಅದರ ಮೇಲೆ ಸುತ್ತು.”

“ಎಂಗೆ ಅರುಣಾ, ಗೊತ್ತಾಗ್ತಿಲ್ವೇ.”

ಹೇಗೆ ಅಂತ ಹೇಳುವುದು? ಅದನ್ನು ಕೈಗೆ ಕೈ ಹಿಡಿದು ತೋರಿಸಬೇಕು. ಮೂರು ಸಲ ಸುತ್ತಿದ, ಸಡಿಲವಾಗಿ. ಪಕ್ಕದಲ್ಲಿ ಕೈಗೆ ಸಿಕ್ಕ ಕಡ್ಡಿಯೊಂದನ್ನು ಮುರಿದು ಸಿಕ್ಕಿಸಿ ತಿರುಚುವಾಗ ಅದು ಕೈಜಾರಿ ನನ್ನ ಭುಜಕ್ಕೆ ತಾಗಿ ಕೆಳಗೆ ಬಿತ್ತು. ಎರಡನೆಯ ಸುರುಳಿ ಎಸೆದೆ. ಅವನು ಕೈ ಚಾಚಿದ, ಆದರೆ ಬೆರಳು ಮಡಚಲಿಲ್ಲ. ಸುರುಳಿ ಅವನ ಎದೆಗೆ ತಾಗಿ ಉರುಳಿಹೋಯಿತು.

ಆಂಬುಲೆನ್ಸು ಬೇಗನೇ ಬಂತು. ಅದರ ಜೊತೆ ಬಂದ ಹುಡುಗಿ ಕೆಳಗಿನಿಂದ, “ಒತ್ತಿ ಹಿಡಿಯೋಕೆ ಹೇಳಿ ಅಕ್ಕಾ, ಮಾತಾಡಿಸ್ತಾ ಇರಿ, ಫೈರಿನವರ ಏಣಿ ಬರ್ತಿದೆ,” ಎಂದು ಕೂಗಿದಳು. ಅವಳ ಕೈಯಲ್ಲಿ ನನ್ನದಕ್ಕಿಂತ ದೊಡ್ಡ ಚೀಲವಿತ್ತು. ಅದನ್ನು ಹಿಡಿದುಕೊಂಡು ಅವಳೂ ಮೇಲೆ ನೋಡುತ್ತಾ ನಿಂತಳು.

ಮಾತಾಡಿಸಿದೆ. ಏನೇನೋ ಹೇಳಿದೆ. ಹಸು ಗಬ್ಬ ಕಟ್ಟಿದೆ ಅಂದೆ. ಕಟ್ಟಿರಲಿಲ್ಲ. “ಊಂ” ಅಂದ. ಸ್ವಲ್ಪ ಹೊತ್ತಿಗೆ ಊಂ ಅನ್ನುವುದೂ ಕಷ್ಟವಾಯಿತು.

“ಮಾತು ಬ್ಯಾಡ ಬಾವ. ಕೇಳಿಸ್ತಿದ್ರೆ ಎಬ್ಬೆಟ್ಟು ಒತ್ತು, ಸಾಕು,” ಎಂದು ಅವನ ಕಾಲಿನ ಹೆಬ್ಬೆಟ್ಟಿನ ಕೆಳಗೆ ಅಂಗೈ ಇಟ್ಟೆ.

ಒತ್ತಿದ.

“ಏನಂತಾನೆ ಅರುಣಾ?” ಮಾವ ಕೆಳಗಿನಿಂದ ಕೇಳಿದ. ಏಣಿಯನ್ನು ಎರಡು ಕೈಯಲ್ಲೂ ಎದೆಗೆ ಅವುಚಿಕೊಂಡು, ಮುಖವನ್ನು ಅದರ ಮೆಟ್ಟಿಲಿಗೆ ಒತ್ತಿಕೊಂಡಿದ್ದ. ಮೇಲೆ ನೋಡುವ ಧೈರ್ಯ ಅವನಿಗಿರಲಿಲ್ಲ.

“ಒತ್ತುತಾ ಅವ್ನೆ ಮಾವ.”

“ನಾನು ಅಂಗನ್ನಬಾರದಿತ್ತು ಕಣಮ್ಮ.”

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಇದ್ದ ಸಿಟ್ಟೆಲ್ಲ ನನ್ನ ಕೈಗಳ ಮೇಲಿತ್ತು, ಗಂಟು ಬಿಚ್ಚಿದ ಕೈಗಳ ಮೇಲೆ. ಅವೇ ಕೈಗಳಲ್ಲಿ ಪಾದ ಹಿಡಿದುಕೊಂಡಿದ್ದೆ. ಹಿಮ್ಮಡಿಯ ಬಿರುಕು ಕೈಗೆ ಒರಟಾಗಿ ತಾಗುತ್ತಿತ್ತು. ನಾನು ಕೇಳುತ್ತಿದ್ದೆ, ಅವನು ಒತ್ತುತ್ತಿದ್ದ. ಮೊದಲು ಗಟ್ಟಿಯಾಗಿ. ಆಮೇಲೆ ತಡವಾಗಿ. ಆಮೇಲೆ, ಒತ್ತಿದನೋ ಗಾಳಿಗೆ ಕಾಲು ಅಲ್ಲಾಡಿತೋ ತಿಳಿಯದಷ್ಟು.

ಫೈರಿನವರ ಗಾಡಿಯ ಗಂಟೆ ಕೇಳಿಸಿತು. “ಬಂದ್ರು ಬಾವ, ಬಂದೇಬಿಟ್ರು, ಕೇಳಿಸ್ತಾ?” ಎಂದೆ.

ಅಂಗೈ ಮೇಲೆ ಹೆಬ್ಬೆಟ್ಟು ಸುಮ್ಮನಿತ್ತು. ಮತ್ತೆ ಕೇಳಿದೆ. ಇನ್ನೊಂದು ಸಲ ಕೇಳಿದೆ. ಮೇಲೆ ನೋಡಿದೆ. ಗಾಯ ಒತ್ತಿ ಹಿಡಿದಿದ್ದ ಅವನ ಎರಡು ಕೈಗಳೂ ಪಕ್ಕಕ್ಕೆ ಜೋತುಬಿದ್ದಿದ್ದವು, ಗಲ್ಲ ಎದೆಗೆ ತಾಗಿತ್ತು. ತೊಡೆಯಿಂದ ರಕ್ತ ಇಳಿಯುವುದೂ ನಿಂತಿತ್ತು.

“ಅರುಣಾ,” ಮಾವ ಕೆಳಗಿನಿಂದ ಮತ್ತೆ ಕೂಗಿದ. “ಏನಂತಾನೆ?”

ಮಂಡಿ ಮಡಚದ ಕಾಲಿನಲ್ಲಿ ಅಷ್ಟು ಹೊತ್ತಿನಿಂದ ನಿಂತಿದ್ದ ಮುದುಕ. ನನ್ನ ಭಾರವೆಲ್ಲ ಅವನ ತೋಳಿನ ಮೇಲಿತ್ತು.

“ಒತ್ತುತಾ ಅವ್ನೆ ಮಾವ,” ಅಂದೆ. “ಏಣಿ ಬಿಡಬ್ಯಾಡ.”