ಕರಡಿಗೆಯೊಳಗಿನ ಹೊಗೆ

ಬೆಳ್ಳಿ ಕರಡಿಗೆಯ ಮುಚ್ಚಳದ ಸಂದಿಯಿಂದ ಸಣ್ಣಗೆ ಹೊಗೆ ಎದ್ದದ್ದು ಕಂಡು ಅಕ್ಕಸಾಲಿಗ ಅಮರನಾಥಾಚಾರಿ ಬೆಚ್ಚಿಬಿದ್ದ. ಬೆಳ್ಳಿ ಕಾದರೆ ಕೆಂಪಾಗುತ್ತದೆ, ಇನ್ನೂ ಕಾದರೆ ಕರಗುತ್ತದೆ. ಹೊಗೆಯಾಡುವುದಿಲ್ಲ. ಹಾಗಾದರೆ ಒಳಗೆ ಏನೋ ಇದೆ. ಕೊರಳಲ್ಲಿ ಕಟ್ಟಿಕೊಳ್ಳುವ ಕರಡಿಗೆಯೊಳಗೆ ಇಷ್ಟಲಿಂಗವಲ್ಲದೆ ಇನ್ನೇನು ಕಡಲೆಪುರಿ ಇರುತ್ತದೆಯೇ?

ಬೆಸುಗೆ ಹಾಕುತ್ತಿದ್ದ ಉರಿಯನ್ನು ಅವನು ತಟ್ಟನೆ ಆರಿಸಿದ. ಎದುರಿನ ಬೆಂಚಿನ ಮೇಲೆ ಜವಳಿ ಅಂಗಡಿ ಗೌರೀಶಂಕರಪ್ಪನವರ ಸೊಸೆ ಯಶಸ್ವಿನಿ ಕೂತಿದ್ದಳು. ಅತ್ತೆಯ ಕರಡಿಗೆಯ ಕೊಂಡಿ ಸವೆದು ಮುರಿದಿದೆ ಎಂದು ತಂದವಳು ಅವಳೇ.

"ಲಿಂಗ ತೆಗ್ದಿದ್ದೀರಾ ತಾಯಿ?" ಎಂದು ಅವನು ಮೊದಲೇ ಕೇಳಿದ್ದ. ಹೊಳೆನರಸೀಪುರದ ತಮ್ಮ ಅಕ್ಕಸಾಲೆ ಅಂಗಡಿಯಲ್ಲಿ ಅವನಪ್ಪ ಹಾಕಿಟ್ಟ ಕಟ್ಟಳೆ ಅದು. ಕೇಳಬೇಕು, ತಾನಾಗಿ ಬಿಚ್ಚಬಾರದು. ಇನ್ನೊಬ್ಬರ ಕರಡಿಗೆ ಬಿಚ್ಚುವುದು ಅವಳ ಮನೆಯಲ್ಲೂ ಪದ್ಧತಿಯಲ್ಲ. "ಹ್ಞೂಂ, ಅತ್ತೆ ಬಟ್ಟೇಲಿ ಕಟ್ಕಂಡವ್ರೆ" ಎಂದಿದ್ದಳು. ಇಬ್ಬರ ಮರ್ಯಾದೆಯೂ ಸೇರಿ ಈ ಅನಾಹುತವಾಯಿತು.

ಇಕ್ಕಳದಿಂದ ಮುಚ್ಚಳ ಎಬ್ಬಿಸಿದ. ಲಿಂಗಕ್ಕೆ ಸುತ್ತಿದ್ದ ಬಟ್ಟೆ ಬೂದಿಯಾಗಿತ್ತು. ಮೇಲಿನ ಕರಿಯ ಲೇಪ ಕರಗಿ ಬೆಳ್ಳಿಯ ತಳಕ್ಕೆ ಹರಿದು, ಒಳಗಿನ ಕಲ್ಲು ಒಂದು ಕಡೆ ಬೆತ್ತಲೆಯಾಗಿ ಕಾಣುತ್ತಿತ್ತು.

ಯಶಸ್ವಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಾನು ಕೇಳ್ದೆ ಆಚಾರ್ರೇ, ಅತ್ತೆ ಹ್ಞೂಂ ಅಂದ್ರು. ಮೂರ್ ದಿನದಿಂದ ಜ್ವರ, ಕನವರಿಸ್ತಿದ್ರೇನೋ. ಕೊರಳಲ್ಲಿ ಗಂಟು ಬೇರೆ ಇತ್ತು, ಅದೇ ಲಿಂಗ ಅಂದ್ಕಂಡೆ. ಅದು ವಿಭೂತಿ ಗಂಟಾ ಹಂಗಾರೆ? ಅಯ್ಯೋ, ಮಾವನೋರು ನನ್ನ ಮನೆಗೇ ಸೇರ್ಸಲ್ಲ."

ಅಮರನಾಥನಿಗೆ ಮಾವನವರ ಚಿಂತೆ ಆಮೇಲೆ. ದಂಡಿಗನಹಳ್ಳಿಯ ಹಿರಿಯರೊಬ್ಬರು ಲಿಂಗ ಕೆರೆಗೆ ಬಿದ್ದುಹೋಯಿತೆಂದು ತೊಟ್ಟು ನೀರೂ ಮುಟ್ಟದೆ ಪ್ರಾಣ ಬಿಟ್ಟ ಕಥೆಯನ್ನು ಅಪ್ಪ ಹೇಳುತ್ತಿದ್ದ. ಯಶಸ್ವಿನಿಯ ಅತ್ತೆ ಶಾಂತಕುಮಾರಮ್ಮ ಆ ಪೈಕಿಯ ಹೆಂಗಸು. ಲಿಂಗಪೂಜೆಯಾಗದೆ ಕಾಫಿ ಸಹ ಕುಡಿದವರಲ್ಲ. ಜ್ವರದಲ್ಲಿ ಬಡಕಲಾದ ಆ ಜೀವ ಇನ್ನೆರಡು ದಿನ ಉಪವಾಸ ಬಿದ್ದರೆ ಉಳಿಯುತ್ತದೆಯೇ?

"ಹಂಗೇ ಮುಚ್ಚಿ ಕೊಟ್ಬುಡಿ" ಎಂದಳು ಯಶಸ್ವಿನಿ.

"ಅಂಗೈಗೆ ಬಂದ್ರೆ ತಿಳಿಯಲ್ವಾ ತಾಯಿ? ನಡೀರಿ, ನಾನೇ ಬತ್ತೀನಿ."

ಕೊಂಡಿಯ ಬೆಸುಗೆ ಮುಗಿಸಿ, ಲಿಂಗವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಕರಡಿಗೆಗೆ ಸೇರಿಸಿ ಹೊರಟ. ಎರಡು ಬೀದಿ ದಾಟುವಷ್ಟರಲ್ಲಿ ಅವನ ಅಂಗಿ ಬೆನ್ನಿಗಂಟಿತ್ತು.

ಶಾಂತಕುಮಾರಮ್ಮ ಆಗಲೇ ಮಿಂದು, ಹಣೆಗೆ ವಿಭೂತಿ ಹಚ್ಚಿ, ದಿಂಬಿಗೊರಗಿ ಕಾದಿದ್ದರು. ಸೊಸೆ ಅತ್ತ ಹೋದ ಮೇಲೆ ಜ್ವರ ಇಳಿದಿತ್ತು. ಗೌರೀಶಂಕರಪ್ಪ ಪಕ್ಕದಲ್ಲೇ ನಿಂತಿದ್ದರು. ಅಮರನಾಥ ಕೊಟ್ಟ ಕರಡಿಗೆಯನ್ನು ಆಕೆ ಬಿಚ್ಚಿ, ಹೊಸ ಬಟ್ಟೆ ಸರಿಸಿ, ಲಿಂಗವನ್ನು ಎಡಗೈಗೆ ತಗೊಂಡರು. ಹೆಬ್ಬೆರಳು ಅದರ ಮೇಲೆ ಒಮ್ಮೆ ಆಡಿ ಹಾಗೆಯೇ ನಿಂತಿತು.

"ಏನದು ಕಮಟು ವಾಸನೆ?" ಗೌರೀಶಂಕರಪ್ಪ ಬಗ್ಗಿ ನೋಡಿದರು. "ಇದ್ಯಾಕೆ ಹಿಂಗಾಗದೆ? ಯಾರು ಏನ್ಮಾಡಿದ್ರು?"

ಬಾಗಿಲ ಹಿಂದೆ ಯಶಸ್ವಿನಿಯ ಬಳೆ ಸದ್ದಾಯಿತು. ಹೇಳಿಬಿಡಲೆಂದು ಅಮರನಾಥ ಬಾಯಿ ತೆರೆದ.

"ಯಾರೇನ್ ಮಾಡ್ತಾರೆ?" ಎಂದರು ಶಾಂತಕುಮಾರಮ್ಮ. "ನನ್ನ ಜ್ವರಾನ ಅದು ಈಸ್ಕಂಡದೆ. ಇಲ್ದಿದ್ರೆ ಇವತ್ತು ನಾನು ಎದ್ದು ಕೂತ್ಕತಿದ್ನಾ? ಎದೆ ಮೇಲಿತ್ತು, ಬೆಂದದೆ. ಕೈ ಮುಗೀರಿ."

ಗೌರೀಶಂಕರಪ್ಪ ಒಂದು ಗಳಿಗೆ ಹೆಂಡತಿಯ ಮುಖ ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿ ಹಿಂದೆ ಸರಿದರು.

"ಆಚಾರ್ರೇ, ಕೊಂಡಿ ಗಟ್ಟಿ ಅದಾ? ಇತ್ತ ಬಂದು ನೋಡಿ."

ಅಮರನಾಥ ಮಂಚದ ಬಳಿ ಬಗ್ಗಿದ. ಸುಮ್ಮನಿದ್ದರೆ ಈ ಸುಳ್ಳು ತನ್ನನ್ನೇ ತಿಂದುಹಾಕುತ್ತದೆ ಅನ್ನಿಸಿತು. "ಅವ್ವಾ, ಸುಟ್ಟಿದ್ದು ನಾನು" ಎಂದು ಉಸುರಿದ.

"ಗೊತ್ತು ಕಣಪ್ಪ, ಮೂಗಿಲ್ವಾ ನಂಗೆ? ಸುಮ್ಕಿರು. ಆ ಹೆಣ್ಮಗ ನಡುಗ್ತಾ ಅದೆ."

"ಉಣ್ತೀರಾ ಅವ್ವಾ?"

ಆಕೆ ಬೆತ್ತಲಾದ ಕಲ್ಲಿಗೆ ಹೂವಿಟ್ಟು ಪೂಜೆ ಮುಗಿಸಿದರು. "ಯಶೂ, ಗಂಜಿ ತಗಂಬಾರವ್ವ" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಬಟ್ಟಲು ಹಿಡಿದು ಒಮ್ಮೆ ಸೊಸೆಯತ್ತ ನೋಡಿದರು. ಸುಟ್ಟ ಲಿಂಗದ ಪೂಜೆ ಅವರ ಲೆಕ್ಕಕ್ಕೆ ಪೂಜೆಯಲ್ಲ, ಸೊಸೆಗಾಗಿ ನೇಮ ಮುರಿಯುತ್ತಿದ್ದಾರೆ ಎಂದು ಅಷ್ಟು ಹತ್ತಿರವಿದ್ದ ಅಮರನಾಥನಿಗೆ ಮಾತ್ರ ತಿಳಿಯಿತು. ವಿಷ ಕುಡಿಯುವವರಂತೆ ಕಣ್ಣು ಮುಚ್ಚಿ, ಶಾಂತಕುಮಾರಮ್ಮ ಮೊದಲ ಗುಟುಕು ನುಂಗಿದರು.