ಬಂಕಿನಲ್ಲಿ ಟಕ್ ಎಂದ ಮೇಲೆ ಸಾಕು

ಕುರಿ ಸಾಕುವ ಮಾಳೇಶ ಹಳೆಯದೊಂದು ಕಾರು ಕೊಂಡಿದ್ದ. ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೂರು ತಿರುಗಿಸಬೇಕು ಎನ್ನುವುದೇ ಅವನ ಆಸೆ. ಅವ್ವ ಗುಡ್ಡಮ್ಮ ಮಾತ್ರ ಕಾರಿನ ಬಾಗಿಲು ತೆಗೆಯುವುದೇ ತಡ, ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಒಳಗೆಲ್ಲ ಪೆಟ್ರೋಲ್ ವಾಸನೆ!

ಅಂದು ಉಳವಿಯಲ್ಲಿ ಗುಡ್ಡಮ್ಮನ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಹೊರಟವರು ಶಿಕಾರಿಪುರದ ಬಂಕಿನಲ್ಲಿ ನಿಂತರು. ಪೆಟ್ರೋಲ್ ಹಾಕುವ ಪೈಪು ಟಕ್ ಎಂದು ತಾನಾಗಿಯೇ ನಿಂತಿತು.

"ತಡೀರಿ, ತೆಗೀಬ್ಯಾಡ್ರಿ!" ಎಂದು ಬಂಕಿನ ಹುಡುಗನಿಗೆ ಕೂಗಿದ ಮಾಳೇಶ ಕೆಳಗಿಳಿದು, ಕಾರಿನ ಹಿಂಭಾಗ ಹಿಡಿದು ಕುಲುಕತೊಡಗಿದ. ಭತ್ತದ ಚೀಲ ಕುಲುಕಿದರೆ ಇನ್ನೆರಡು ಸೇರು ಹಿಡಿಯುತ್ತದಲ್ಲ, ಅದೇ ಲೆಕ್ಕ ಅವನದು. "ಈಗ ಹಾಕ್ರಿ, ಹಿಡಿತೈತಿ!"

ಪೆಟ್ರೋಲ್ ಉಕ್ಕಿ ನೆಲಕ್ಕೆ ಹರಿಯಿತು. ಗುಡ್ಡಮ್ಮ ಇಳಿದೇಬಿಟ್ಟಳು. "ಈ ವಾಸನಿ ತಡಿಯಾಕ ಆಗಲ್ಲೋ. ನಾ ಬಸ್ಸಿಗೇ ಹೋಗ್ತೀನಿ."

ಮಾಳೇಶನ ಮುಖ ಸಪ್ಪಗಾಯಿತು. ಯಾರಿಗಾಗಿ ಕಾರು ತಂದನೋ ಅವಳೇ ಒಲ್ಲೆ ಎಂದರೆ ನೋವಾಗದೆ ಇರುತ್ತದೆಯೇ?

ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡಿದ್ದ ರಕ್ಷಿತಾ ನಕ್ಕಳು. ಪಕ್ಕದ ಮನೆಯ ಹುಡುಗಿ, ಅಲ್ಲೇ ಹತ್ತಿರದ ಕಾರ್ ಗ್ಯಾರೇಜಿನಲ್ಲಿ ಕೆಲಸ.

"ಮಾಳೇಶಣ್ಣ, ಪೆಟ್ರೋಲ್ ಆವಿ ಆಗತೈತಿ. ಅದಕ್ಕೇ ಟ್ಯಾಂಕಿನ ಮ್ಯಾಲೆ ಚೂರು ಜಾಗ ಬಿಟ್ಟಿರ್ತಾರೆ. ಅದನ್ನೂ ತುಂಬಿದ್ರೆ ಆವಿ ಹೋಗೋ ಪೈಪಿಗೆ ಪೆಟ್ರೋಲೇ ನುಗ್ಗತೈತಿ. ಪೈಪಿನ ತುದೀಲಿ ಆವಿ ಹೀರ್ಕೊಳ್ಳೋ ಇದ್ದಲಿನ ಡಬ್ಬಿ ನೆಂದು ಕೆಡತೈತಿ. ಆಮ್ಯಾಲೆ ವಾಸನೆ ಬರದೇ ಇನ್ನೇನು?"

"ಸುಮ್ನಿರು ತಂಗಿ, ಕಂಠಮಟ ತುಂಬಿದ್ರೇ ಅಲ್ಲೇನು ದೂರ ಓಡೋದು?"

"ಹಂಗಾದ್ರೆ ಈ ನೆಲಕ್ಕೆ ಚೆಲ್ಲಿದ್ದು ಎಷ್ಟು ದೂರ ಓಡತೈತಿ? ಡಬ್ಬಿ ಕೆಟ್ರೆ ಇಂಜಿನ್ ತಡವರಿಸ್ತೈತಿ, ಮೈಲೇಜೂ ಇಳಿತೈತಿ."

ಮಾಳೇಶ ತಲೆ ಕೆರೆದುಕೊಂಡ. ಈಚೆಗೆ ಕಾರು ತಡವರಿಸುತ್ತಿದ್ದುದು ನಿಜವೇ ಆಗಿತ್ತು. ಕೊನೆಗೆ, "ಅವ್ವಾ, ಒಂದೇ ಒಂದು ಸಲ ಇವಳ ಮಾತು ಕೇಳಿ ನೋಡೋಣ, ಆಮ್ಯಾಲೆ ಬಸ್ಸಿಗೆ ಹೋಗುವಿಯಂತೆ" ಎಂದು ಗೋಗರೆದ.

ರಕ್ಷಿತಾಳ ಗ್ಯಾರೇಜಿನಲ್ಲಿ ತೆಗೆದು ನೋಡಿದರೆ ಡಬ್ಬಿ ಕೆಟ್ಟೇಹೋಗಿತ್ತು. ಟ್ಯಾಂಕಿನ ಮುಚ್ಚಳದ ರಬ್ಬರೂ ಸವೆದಿತ್ತು. ಎರಡನ್ನೂ ಬದಲಾಯಿಸಿ, ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿ, ಬಾಗಿಲುಗಳನ್ನು ಒಂದಿಷ್ಟು ಹೊತ್ತು ತೆರೆದಿಟ್ಟರು.

ಗುಡ್ಡಮ್ಮ ಅನುಮಾನದಿಂದಲೇ ತಲೆ ಒಳಗಿಟ್ಟು ಮೂಸಿದಳು. ವಾಸನೆ ಹೋಗಿತ್ತು; ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಸೊರಬ ದಾಟಿದ ಮೇಲೆ ಅವಳೇ ಕೇಳಿದಳು: "ಕೂಸಿನ ನೋಡ್ಕೊಂಡು ಬರೋವಾಗ ಹಂಗೇ ಚಂದ್ರಗುತ್ತಿ ಅಮ್ಮನ ಗುಡಿಗೂ ಕರ್ಕೊಂಡು ಹೋಗ್ತೀಯೇನೋ ಮಗಾ?"

ಮಾಳೇಶನಿಗೆ ಖುಷಿಗೆ ಕಣ್ಣು ತುಂಬಿ ಬಂತು. "ನೀ ಎಲ್ಲಿಗೆ ಅಂತೀಯೋ ಅಲ್ಲಿಗೆ ಅವ್ವಾ" ಎಂದ.

ಕಾರಿಟ್ಟುಕೊಂಡ ಅಣ್ಣಂದಿರೇ, ಅಕ್ಕಂದಿರೇ, ಬಂಕಿಗೆ ಹೋದಾಗ ಇಂಜಿನ್ ಆಫ್ ಮಾಡಿ. ಟಕ್ ಎಂದ ಮೇಲೆ ಒಂದು ಹನಿಯನ್ನೂ ಹಾಕಿಸಬೇಡಿ, ಕಾರನ್ನು ಕುಲುಕಬೇಡಿ, ಮುಚ್ಚಳ ಬಿಗಿಯಾಗಿ ತಿರುಗಿಸಿ. ಟೈರಿನ ಗಾಳಿ ಆಗಾಗ ನೋಡಿಸಿ. ಒಳಗೆ ಪೆಟ್ರೋಲ್ ವಾಸನೆ ಬಂದರೆ ಬೀಡಿ, ಬೆಂಕಿಪೊಟ್ಟಣ ದೂರವಿಟ್ಟು ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ನಿಮ್ಮ ಮನೆಯವರೂ "ಇನ್ನೂ ಒಂದಿಷ್ಟು ದೂರ ಹೋಗೋಣ" ಎನ್ನುವ ಹಾಗಿರಲಿ ನಿಮ್ಮ ಕಾರು.