ಲಕ್ಷದಲ್ಲೊಂದು ಬತ್ತಿ

ಕರಬೂಜದ ವಾಸನೆ ಇನ್ನೂ ಬಂದಿಲ್ಲ, ಶನಿವಾರ ಇಷ್ಟು ಹೊತ್ತಿಗೆ ಬಾಲ್ಕನಿಯ ಗಾಜಿನ ಬಾಗಿಲ ಸಂದಿಯಿಂದ ನುಸುಳಿ ಬಂದಿರಬೇಕಿತ್ತು, ಕಳಿತ ಕರಬೂಜಕ್ಕೆ ಬೆಲ್ಲ ಕಲಸಿಟ್ಟಂಥ ವಾಸನೆ, ಬಂದ ಹೊಸದರಲ್ಲಿ ಪಕ್ಕದ ಮನೆಯವರು ಹಣ್ಣು ಹೆಚ್ಚುತ್ತಿದ್ದಾರೆ ಅಂದುಕೊಂಡಿದ್ದೆ, ಟೋಕಿಯೋದ ಈ ಟೊಯೊಸುವಿನಲ್ಲಿ ಹಣ್ಣು ಹೆಚ್ಚಿದರೂ ಸದ್ದಾಗದ ಹಾಗೆ ಹೆಚ್ಚುತ್ತಾರೆ, ವಾಸನೆಯಿಂದಲೇ ತಿಳಿಯಬೇಕು – ಇವತ್ತು ವಾಸನೆಯಿಲ್ಲ, ಬರೀ ಡಬ್ಬಿಯ ಮುಚ್ಚಳ ತೆಗೆಯುವ, ಹಾಕುವ, ಮತ್ತೆ ತೆಗೆಯುವ ಸದ್ದು, ಅಳಿಯಂದಿರು ಏನೋ ಹುಡುಕುತ್ತಿದ್ದಾರೆ, ಹುಡುಕಲಿ, ನಾನು ನನ್ನ ಬತ್ತಿ ಹೊಸೆಯುತ್ತೇನೆ, ಕಾರ್ತಿಕದ ಕೊನೆಯ ಸೋಮವಾರಕ್ಕೆ ಮೈಸೂರಿಗೆ ಹೋಗಿ ದೇವಸ್ಥಾನದಲ್ಲಿ ಲಕ್ಷಬತ್ತಿ ಹಚ್ಚುತ್ತೇನೆ ಅಂತ ಹರಕೆ ಹೊತ್ತಾಗಿದೆ, ಇಲ್ಲಿ ಹಚ್ಚುವ ಹಾಗಿಲ್ಲ, ಚಾವಣಿಗೆ ಅಂಟಿಸಿರುವ ಆ ಬಿಳಿ ಬಿಲ್ಲೆ ಹೊಗೆ ಕಂಡು ಕೂಗಿಕೊಂಡರೆ ಇಡೀ ಕಟ್ಟಡ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿಯುತ್ತದಂತೆ. ಲೆಕ್ಕ ಎಂದೋ ತಪ್ಪಿದೆ, ನಿಧಿ ಪಕ್ಕದಲ್ಲಿ ಕೂತು ಇಚಿ, ನಿ, ಸಾನ್ ಅಂತ ಎಣಿಸುತ್ತಾಳೆ, ಮಧ್ಯೆ ಅಜ್ಜಿ ದಿಸ್ ಒನ್ ಈಸ್ ಫ್ಯಾಟ್ ಅನ್ನುತ್ತಾಳೆ, ಮತ್ತೆ ಮೊದಲಿನಿಂದ ಶುರು, ದೇವರಿಗೆ ಜಪಾನೀಸ್ ಬರುತ್ತದೋ ಇಲ್ಲವೋ, ಬಂದೇ ಬರುತ್ತದೆ. ಈ ಹತ್ತಿಯಾದರೂ ಎಷ್ಟು ಚೆನ್ನಾಗಿದೆ, ಕಡ್ಡಿಯಿಲ್ಲ, ಬೀಜದ ಚೂರಿಲ್ಲ, ಹಾಲಿನ ಕೆನೆಯ ಬಣ್ಣ, ಊರಿಂದ ತಂದದ್ದು ಮುಗಿದು ಇನ್ನೇನಪ್ಪಾ ಗತಿ ಅಂತಿದ್ದಾಗ ಬಾಲ್ಕನಿಯ ಪೆಟ್ಟಿಗೆಯಲ್ಲಿ ಸಿಕ್ಕಿತು, ಸ್ಫೂರ್ತಿಯೇ ನನಗೋಸ್ಕರ ತರಿಸಿಟ್ಟಿದ್ದಾಳೆ, ಬಾಯಿಬಿಟ್ಟು ಹೇಳುವವಳಲ್ಲ, ನನ್ನ ಮಗಳಲ್ಲವೇ, ಚೀಲ ಇವತ್ತು ಬೆಳಿಗ್ಗೆಗೆ ಖಾಲಿಯಾಯಿತು.

ಈ ಮನೆಯಲ್ಲಿ ಎಲ್ಲರಿಗೂ ಎಲ್ಲ ಗೊತ್ತು, ಆಡುವವರಿಲ್ಲ. ಅಳಿಯಂದಿರು ಬಾಲ್ಕನಿಗೆ ಹೋಗುವಾಗ ಬಟ್ಟೆ ಒಣಗಿದೆಯಾ ನೋಡ್ತೀನಿ ಅತ್ತೆ ಅಂತಾರೆ, ಅಲ್ಲಿ ಒಂದು ಕರವಸ್ತ್ರವೂ ಇರುವುದಿಲ್ಲ, ಹ್ಞೂಂ ನೋಡಿ ಅಂತೀನಿ. ಗಾಜಿನ ಈಚೆಯಿಂದ ಎಲ್ಲ ಕಾಣುತ್ತದೆ, ಅಂಗೈಯಷ್ಟು ಬ್ಯಾಟರಿ ಪೆಟ್ಟಿಗೆ, ಅದರ ತಲೆಯ ಮೇಲೆ ಬೆರಳುಂಗುರದಷ್ಟು ಬಟ್ಟಲು, ಕೂದಲೆಳೆಯಂಥ ತಂತಿಯನ್ನು ಸ್ಕ್ರೂಡ್ರೈವರಿನ ಕಡ್ಡಿಗೆ ಸುತ್ತಿ ಸುತ್ತಿ ಸುರುಳಿ ಮಾಡಿ ಬಟ್ಟಲಿನಲ್ಲಿ ಕೂರಿಸಿ ಗುಂಡಿ ಒತ್ತಿದರೆ ಸುರುಳಿಯ ನಡುವೆ ಮೊದಲು ಒಂದು ಕೆಂಪು ಚುಕ್ಕೆ, ಆಮೇಲೆ ಅದು ಎರಡೂ ಕಡೆಗೆ ಹರಡುತ್ತದೆ – ಆ ಚುಕ್ಕೆ ನೋಡುವುದಕ್ಕೇ ನಾನು ಶನಿವಾರ ಇಲ್ಲಿ ಕೂರುವುದು, ನಂದಾದೀಪದ ಕುಡಿಯ ಹಾಗೇ. ಆಮೇಲೆ ಬೆನ್ನು ತಿರುಗಿಸಿ ಕೂತು ಅದೇನೇನೋ ತುರುಕುತ್ತಾರೆ, ಪುಟ್ಟ ಸೀಸೆಯಿಂದ ಒಂದೊಂದೇ ಹನಿ ಬಿಡುತ್ತಾರೆ, ನಮ್ಮವರು ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಿದ್ದ ಹಾಗೆ ಬಾಯಿ ಕೂಡ ತೆರೆದಿರುತ್ತದೆ, ಆಮೇಲೆ ಮೋಡ, ಆ ತೆಳ್ಳಗಿನ ಮನುಷ್ಯನೊಳಗಿಂದ ಅಷ್ಟು ದೊಡ್ಡ ಮೋಡ ಹೇಗೆ ಬರುತ್ತದೋ. ಹೊಗೆ ಅಲ್ಲಮ್ಮ ಅದು, ಬರೀ ಆವಿ, ನಿಕೋಟಿನ್ ಇರೋದನ್ನ ಇಲ್ಲಿ ಅಂಗಡೀಲಿ ಮಾರೋದೂ ಇಲ್ಲ, ನಿಧಿ ಪಪ್ಪ ಕುಸಾಯ್ ಅಂದ್ಬಿಟ್ಳು, ನಾತ ಅಂತ, ಮುತ್ತು ಕೊಡೋಕೆ ಬಿಡ್ಲಿಲ್ಲ, ಅವತ್ತೇ ಸಿಗರೇಟ್ ಬಿಟ್ರು, ಆವಿ ಎಳೆಯೋ ಈ ಡ್ರಿಪ್ಪರ್ ಒಂದು ಇಟ್ಕೊಂಡಿದಾರೆ, ನಿನಗೆ ಗೊತ್ತು ಅಂತ ಗೊತ್ತಾದ್ರೆ ನಾಚ್ಕೊಂಡು ಸಾಯ್ತಾರೆ, ನೀನು ಸುಮ್ನಿರು, ಅಂದಿದ್ದಳು ಸ್ಫೂರ್ತಿ. ಸುಮ್ಮನಿದ್ದೇನೆ, ಸುಮ್ಮನಿರುವುದು ನನಗೆ ಯಾರೂ ಕಲಿಸಬೇಕಿಲ್ಲ, ನಮ್ಮವರ ನಶ್ಯದ ಕರವಸ್ತ್ರ ಒಗೆದ ಕೈ ಇದು, ನಮ್ಮವರೆಂದರೆ ಚಂದ್ರಮೌಳಿಗಳು, ಅವರ ಮೂಗಿಗೆ ಮೂರು ಹೊತ್ತೂ ನೈವೇದ್ಯ, ಒಂದು ಸಲ ಸಿಟ್ಟು ಬಂದು ಡಬ್ಬಿಯನ್ನು ಮೋರಿಗೆ ಎಸೆದೆ, ಬೈಯಲಿಲ್ಲ, ಎದ್ದು ಮೆಟ್ಟು ಹಾಕಿಕೊಂಡು ಅಂಗಡಿಗೆ ಹೊರಟರು, ನಾನು ಗೇಟಿನ ಹತ್ತಿರ ನಿಂತೇ ಇದ್ದೆ, ತಿರುವಿನವರೆಗೂ ನೋಡಿದೆ, ಒಮ್ಮೆ ಹಿಂತಿರುಗಿ ನೋಡಬಾರದೇ, ನೋಡಲಿಲ್ಲ. ಅವತ್ತು ತಿಳಿಯಿತು, ಡಬ್ಬಿ ಖಾಲಿಯಾದರೆ ಕಾಲು ತಾನಾಗಿ ಅಂಗಡಿಗೆ ಹೋಗುತ್ತದೆ.

ಬಂದರು ಅಳಿಯಂದಿರು ಒಳಗೆ, ಅಡುಗೆಮನೆ ಬಾಗಿಲಲ್ಲಿ ನಿಂತು ಪಿಸುಪಿಸು, ಸ್ಫೂರ್ತಿ, ನನ್ನ ಕಾಟನ್ ಎಲ್ಲಿ, ಫುಲ್ ಬ್ಯಾಗ್ ಇತ್ತು – ಕಾಟನ್ನಾ, ನಾನ್ಯಾಕೆ ಮುಟ್ಟಲಿ, ಅನ್ನುತ್ತ ನನ್ನ ಮಗಳು ಈ ಕಡೆ ತಿರುಗಿದವಳು ಹಾಗೇ ನಿಂತಳು, ಅವಳ ಕಣ್ಣು ನನ್ನ ಮಡಿಲಿಗೆ, ಅವರ ಕಣ್ಣೂ ನನ್ನ ಮಡಿಲಿಗೆ, ಮಡಿಲ ತುಂಬ ಹೂಬತ್ತಿ, ಸಾಲಾಗಿ ಮೂತಿ ಮೇಲೆ ಮಾಡಿಕೊಂಡು, ಅಯ್ಯೋ ಶಿವನೇ, ತುರುಕುತ್ತಿದ್ದದ್ದು ಹತ್ತಿಯೇ. ಸ್ಫೂರ್ತಿ ಬಾಯಿಗೆ ಸೆರಗಿಲ್ಲದೆ ಟೀ ಟವೆಲ್ ಒತ್ತಿಕೊಂಡು ಸಿಂಕಿನ ಕಡೆ ತಿರುಗಿದಳು, ಭುಜ ಕುಣಿಯುತ್ತಿತ್ತು, ಅಳಿಯಂದಿರೋ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ, ಚೆನ್ನಾಗಿ ಬಂದಿದೆ ಅತ್ತೆ ಬತ್ತಿ ಅಂದರು, ಪಾಪ, ಜಾಕೆಟ್ ಹಾಕಿಕೊಂಡು ಎದುರಿನ ಅಂಗಡಿ ಕೊಂಬಿನಿಗೆ ಹೋಗಿ ಹಾಲು ತರ್ತೀನಿ ಅಂದರು. ಹಾಲು ಫ್ರಿಜ್ಜಿನ ಬಾಗಿಲ ತುಂಬ ಇದೆ, ನಾನೇ ಇಟ್ಟದ್ದು. ಬಾಗಿಲು ಮುಚ್ಚಿತು, ಸ್ಫೂರ್ತಿಯ ಭುಜ ನಿಂತಿತು, ಅಮ್ಮ, ಆಫೀಸಲ್ಲಿ ಈ ವಾರ ಅವರಿಗೆ ತುಂಬಾ ಕಷ್ಟ ಆಗಿದೆ, ಇದೊಂದು ಆಧಾರ ಇತ್ತು, ಆ ಅಂಗಡೀಲಿ ಸಿಗರೇಟಿಗೆ ಹೆಸರು ಹೇಳೋದೂ ಬೇಡ, ನಂಬರ್ ಹೇಳಿದ್ರೆ ಸಾಕು, ಆ ನಂಬರ್ ಇನ್ನೂ ಅವರ ಬಾಯಲ್ಲೇ ಇದೆ. ಫೋನ್ ಮಾಡು ಅಂದೆ, ಫೋನು ಸೋಫಾದ ಮೇಲೇ ಮಿಣುಕುತ್ತಿತ್ತು.

ಚಳಿ, ಬಾಲ್ಕನಿಯಲ್ಲಿ ಸಮುದ್ರದ ಗಾಳಿ, ಸ್ಫೂರ್ತಿ ತಂದುಕೊಟ್ಟ ಈ ಕೆಂಪು ಶಾಲು ಹೊದ್ದಿದ್ದೇನೆ, ಇಷ್ಟು ಕೆಂಪು ನನಗೇಕೆ ಅಂತ ಜಗಳವಾಡಿದ್ದೆ, ನಮ್ಮವರು ಹೋದ ಮೇಲೆ ಈ ಬಣ್ಣ ಮೈಮೇಲೆ ಹಾಕಿದವಳಲ್ಲ, ಇಲ್ಲಿ ಯಾರು ನೋಡ್ತಾರೆ ಹಾಕ್ಕೊಳಮ್ಮ ಅಂದಳು, ಹೌದು, ಯಾರು ನೋಡುತ್ತಾರೆ. ಎಂಟನೇ ಮಹಡಿಯಿಂದ ಕೆಳಗೆ ರಸ್ತೆ, ಸಿಗ್ನಲ್ಲು, ಆಚೆ ಕೊಂಬಿನಿ, ಅಗೋ ಕಪ್ಪು ಜಾಕೆಟ್ಟು, ಒಂದು ಕಾರೂ ಇಲ್ಲದ ರಸ್ತೆಯಲ್ಲಿ ಹಸಿರು ದೀಪಕ್ಕೆ ಕಾಯುತ್ತ ನಿಂತಿದ್ದಾರೆ, ಹಾಗೇ ಕಾಯುತ್ತಿರಲಿ, ದೀಪ ಕೆಟ್ಟೇ ಹೋಗಲಿ. ಪುಟ್ಟ ಮೇಜಿನ ಮೇಲೆ ಬಟ್ಟಲು ತೆರೆದೇ ಇದೆ, ಸುರುಳಿ ಕೂತಿದೆ, ಹತ್ತಿಯೊಂದೇ ಇಲ್ಲ. ಹಾಗಾದರೆ ಇನ್ನೇನು, ನಿಧಿ, ಆ ಸ್ಟೀಲ್ ಡಬ್ಬಿ ತಾ ಪುಟ್ಟಿ – ವಿಚ್ ಒನ್ ಅಜ್ಜಿ – ದೇವರ ಬತ್ತಿದು ಕಣೇ. ತೆಗೆದುಕೊಳ್ಳಬಹುದೇ, ಸಂಕಲ್ಪ ಮಾಡಿ ಎತ್ತಿಟ್ಟದ್ದು, ದೇವರ ಪಾಲಿನದನ್ನು ಸೇದುವ ಯಂತ್ರಕ್ಕೆ, ಚಂದ್ರಮೌಳಿಗಳಿದ್ದಿದ್ದರೆ ಪಂಚಾಂಗ ತೆಗೆಯುತ್ತಿದ್ದರು, ಮೊದಲು ಒಂದು ಚಿಟಿಕೆ ಏರಿಸಿ – ಅಲ್ಲಪ್ಪಾ ಶಿವನೇ, ಹತ್ತಿ ಅಳಿಯಂದಿರದು, ಕದ್ದವಳು ನಾನು, ಕದ್ದ ಮಾಲನ್ನು ನೀನು ಇಟ್ಟುಕೊಳ್ಳುತ್ತೀಯಾ, ಲಕ್ಷದಲ್ಲೊಂದು ಕಡಿಮೆಯಾದರೆ ನಿನಗೇನು ಕತ್ತಲಾಗುವುದಿಲ್ಲ. ವಿಭೂತಿ ಮುಟ್ಟಿಸದ ಬತ್ತಿ ಬೇಕು, ಇವತ್ತಿನವಕ್ಕೆ ಇನ್ನೂ ಮುಟ್ಟಿಸಿಲ್ಲ, ಬಿಚ್ಚಿದೆ, ಹಿಂಜಿದೆ, ಬೆರಳು ಅಭ್ಯಾಸಬಲದಿಂದ ಮತ್ತೆ ಮೂತಿ ಮಾಡಿತು, ಥೂ, ಮತ್ತೆ ಬಿಚ್ಚಿ ಉದ್ದಕ್ಕೆ ಹೊಸೆದೆ, ಸಡಿಲವಾಗಿ, ಬಿಗಿ ಮಾಡಿದರೆ ಎಣ್ಣೆ ಏರುವುದಿಲ್ಲ, ಬತ್ತಿ ಸುಟ್ಟು ಕಮಟುತ್ತದೆ, ಅದಕ್ಕೇ ಇರಬೇಕು ಅಳಿಯಂದಿರು ಕೆಲವು ಶನಿವಾರ ಮುಖ ಹುಳ್ಳಗೆ ಮಾಡಿಕೊಂಡು ಕೆಮ್ಮುವುದು. ತುದಿಯನ್ನು ನೂಲಿನಷ್ಟು ಸಣ್ಣ ಮಾಡಿ ಸುರುಳಿಯೊಳಗೆ – ಹೋಗಲಿಲ್ಲ, ಎಂಜಲು ಮಾಡುವುದೇ, ಛೆ, ದೇವರದೂ ಅಲ್ಲ ಈಗ, ಆದರೂ ಬೇಡ, ಮತ್ತೊಮ್ಮೆ, ಕನ್ನಡಕ ಎಲ್ಲಿ, ಮೂಗಿನ ಮೇಲೇ ಇದೆ, ಹೋಯಿತು, ಈ ಕಡೆಯಿಂದ ಆ ಕಡೆಗೆ ಬಂತು, ಎರಡೂ ಬದಿಗೆ ಬಿಳಿ ಮೀಸೆ. ಎದ್ದು ಕಟಕಟೆ ಹಿಡಿದು ನೋಡಿದೆ, ಕೊಂಬಿನಿಯ ಗಾಜಿನ ಹಿಂದೆ ಸಾಲು, ಸಾಲಿನ ಮುಂದೆ ಕಪ್ಪು ಜಾಕೆಟ್ಟು, ಇನ್ನು ಕೂಗಿದರೂ ಕೇಳುವುದಿಲ್ಲ, ನಿಂತೇ ಇದ್ದೆ, ಗೇಟಿನ ಹತ್ತಿರ ನಿಂತ ಹಾಗೇ.

ಬಾಗಿಲ ಸದ್ದು, ತದೈಮಾ ಅಂದರು, ನಿಧಿಗೋಸ್ಕರ ಹಾಗನ್ನುವುದು, ಬಂದೆ ಅಂತ, ಕೈಯಲ್ಲಿ ಹಾಲಿಲ್ಲ, ಜಾಕೆಟಿನ ಜೇಬು ಉಬ್ಬಿದೆ, ಸ್ಫೂರ್ತಿಯೂ ಜೇಬನ್ನೇ ನೋಡುತ್ತಿದ್ದಾಳೆ, ಕೇಳುವ ಧೈರ್ಯ ಅವಳಿಗೂ ಇಲ್ಲ, ನಾನು ಎರಡೂ ಕೈಯಲ್ಲಿ ಆ ಪೆಟ್ಟಿಗೆಯನ್ನು ಆರತಿ ತಟ್ಟೆಯ ಹಾಗೆ ಹಿಡಿದುಕೊಂಡು ಅವರೆದುರು ನಿಂತೆ, ಇಷ್ಟು ದಿನದ ನಾಟಕವೆಲ್ಲ ಮುಗಿಯಿತು, ಮುಗಿಯಲಿ. ಬತ್ತಿ ಹಾಕಿದೀನಿ, ಸರಿಯಾಗಿದೆಯಾ ನೋಡಿ ಅಂದೆ. ಅವರ ಕಿವಿಯವರೆಗೂ ರಕ್ತ ಏರಿತು, ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು, ಮೀಸೆ ಸ್ವಲ್ಪ ಜಾಸ್ತಿ ಆಯ್ತು ಅತ್ತೆ ಅಂದರು, ಪುಟ್ಟ ಕತ್ತರಿಯಿಂದ ಎರಡೂ ಕಡೆ ಟ್ರಿಮ್ ಮಾಡಿ ಹನಿ ಹನಿಯಾಗಿ ರಸ ಬಿಟ್ಟರು, ಹತ್ತಿ ಗಟಗಟ ಕುಡಿಯಿತು, ಎಳೆದರು, ಕೆಮ್ಮಲಿಲ್ಲ, ಮೋಡ ಬಂತು, ಕರಬೂಜ ಬಂತು, ನಿಧಿ ಅಪ್ಪನ ಸೊಂಟ ತಬ್ಬಿಕೊಂಡು ಮೆಲನ್ ಪಪ್ಪ ಅಂದಳು, ಸ್ಫೂರ್ತಿ ಮಾತ್ರ ಜೇಬಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಗ ಅವರು ಜೇಬಿಗೆ ಕೈ ಹಾಕಿ ತೆಗೆದು ನನ್ನ ಕೈಯಲ್ಲಿಟ್ಟರು, ಬಿಸಿ, ಕಾಗದದೊಳಗೆ ಸುಟ್ಟ ಗೆಣಸು, ಹೊಗೆಯಾಡುವ ಗೆಣಸು. ನಂಬರ್ ಹೇಳ್ಬಿಟ್ಟಿದ್ದೆ ಅತ್ತೆ, ಆ ಹುಡುಗಿ ಪ್ಯಾಕ್ ತೆಗೆದು ಕೌಂಟರ್ ಮೇಲೆ ಇಟ್ಟೂ ಆಗಿತ್ತು, ಯಾಕೋ ಗಾಜಿನಾಚೆ ತಲೆ ಎತ್ತಿ ನೋಡ್ದೆ, ನಮ್ಮ ಬಾಲ್ಕನಿ ಕಾಣ್ತಿತ್ತು, ನೀವು ನಿಂತಿದ್ರಿ, ಸುಮಿಮಾಸೆನ್, ಕ್ಷಮಿಸಿ ಅಂತ ಹೇಳಿ ಇದನ್ನ ತಗೊಂಡು ಬಂದೆ. ಅಷ್ಟು ದೂರದಿಂದ ನಾನೇ ಅಂತ ಹೇಗೆ ಗೊತ್ತಾಯ್ತು ಅಂತ ಕೇಳಿದರೆ, ಕೆಂಪಗೆ ಇತ್ತಲ್ಲ ಅತ್ತೆ, ಚುಕ್ಕೆ ಥರ – ಗೆಣಸು ಕೈ ಸುಡುತ್ತಿದೆ, ಸಿಪ್ಪೆ ಸುಲಿಯಬೇಕು, ನಿಧಿಗೆ ಒಂದು ತುಂಡು, ಸ್ಫೂರ್ತಿ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಟವೆಲ್ ಮತ್ತೆ ಬಾಯಿಗೆ, ತಲೆ ಎತ್ತಿ ನೋಡಿದರಂತೆ, ಸಾಲಿನಲ್ಲಿ ನಿಂತು, ನಂಬರ್ ಹೇಳಿಯಾದ ಮೇಲೂ ನೋಡಿದರಂತೆ, ಅಷ್ಟೊಂದು ಕಿಟಕಿ, ಅಷ್ಟೊಂದು ಬೂದುಬಣ್ಣದ ಬಾಲ್ಕನಿ, ಅದರ ಮಧ್ಯೆ ಎಂಟನೇ ಮಹಡಿಯಲ್ಲಿ ಒಂದು ಕೆಂಪು ಚುಕ್ಕೆ, ನಾನು, ಒಂದು ಕೆಂಪು ಚುಕ್ಕೆ.